ಮಾವನವರ ಕೆಮ್ಮು ಮತ್ತು ಓಟಿಪಿ

ನಮ್ಮೂರ ಹಳೆಯ ಡಾಕ್ಟರ ಶಾಪಿಗೆ ಬಾಟಲಿಯನ್ನು ನಾವೇ ಒಯ್ಯಬೇಕಿತ್ತು. ಕಂಪೌಂಡರು ಕೆಂಪು ಮಿಕ್ಸ್ಚರ್ ಸುರಿದು, ಕಾಗದದ ಪಟ್ಟಿಯೊಂದನ್ನು ಮಡಚಿ, ಅಂಚಿಗೆ ಕತ್ತರಿಯಿಂದ ಹಲ್ಲು ಹಲ್ಲಾಗಿ ಕಚ್ಚು ಹಾಕಿ ಬಾಟಲಿಗೆ ಅಂಟಿಸುತ್ತಿದ್ದರು. ಹಲ್ಲಿಗೊಂದು ಡೋಸು. ಅಕ್ಷರ ಬಾರದ ಅಜ್ಜಿಯೂ ಲೆಕ್ಕ ತಪ್ಪದೆ ಕುಡಿಯುತ್ತಿದ್ದಳು. ಒಳಗೇನಿತ್ತೋ ಯಾರಿಗೂ ಗೊತ್ತಿಲ್ಲ. ಕಂಪೌಂಡರಿಗೆ ಗೊತ್ತಿತ್ತು ಅಂತ ನಂಬಿದ್ದೆವು.

ಈಗ ನಮ್ಮ ಮಾವನವರಿಗೆ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಬಂದಿದೆ, ಹದಿನಾಲ್ಕು ಅಂಕಿಯದು. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಡಿಜಿಟಲ್ ಮಿಷನ್ನಿನ ಕೂಸು ಅದು. ಕೆಮ್ಮೆಂದು ಆಸ್ಪತ್ರೆಗೆ ಹೋದರೆ ಕೌಂಟರಿನ ಹುಡುಗಿ "ಓಟಿಪಿ ಹೇಳಿ ಅಜ್ಜ" ಅಂದಳು. ನಂಬರು ಮಗನದು, ಮಗ ಬೆಂಗಳೂರಿನಲ್ಲಿ, ಮೀಟಿಂಗಿನಲ್ಲಿ. ಕೆಮ್ಮು ಇಲ್ಲಿ, ಅದರ ಓಟಿಪಿ ಅಲ್ಲಿ. ಅಂತೂ ಒಳಗೆ ಹೋದೆವು. ಡಾಕ್ಟರು ಕೀಬೋರ್ಡು ಕುಟ್ಟುತ್ತಿದ್ದರು. ಮಾವನವರು ಹಳೇ ಅಭ್ಯಾಸದಂತೆ ತಾವಾಗೇ ನಾಲಿಗೆ ಚಾಚಿ ಕೂತರು, ಚಾಚಿಕೊಂಡೇ ಇದ್ದರು.

ಹಾಗಂತ ಕಂಪ್ಯೂಟರನ್ನು ಬೈಯುವಂತಿಲ್ಲ. ರಕ್ತ ತೆಳುವಾಗಲು ಅವರು ವಾರ್ಫರಿನ್ ನುಂಗುತ್ತಾರೆ; ಬೇರೊಬ್ಬರು ಮಂಡಿನೋವಿಗೆ ಬರೆದ ಮಾತ್ರೆ ಅದರ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದೆಂದು ಪರದೆ ಕೆಂಪಗಾಗಿ ಎಚ್ಚರಿಸಿತು. ಕಂಪೌಂಡರ ಕಾಲದಲ್ಲಾಗಿದ್ದರೆ ಅದನ್ನು ಹಣೆಬರಹ ಅಂದುಬಿಡುತ್ತಿದ್ದೆವು. ಮಾವನವರಿಗೆ ಇದ್ಯಾವುದೂ ನಾಟಲಿಲ್ಲ. "ನಾಡಿ ಹಿಡಿದು ನೋಡಲೇ ಇಲ್ಲವಲ್ಲೋ" ಅಂತ ಆಟೋದಲ್ಲಿ ಗೊಣಗುತ್ತ ಬಂದರು.

ಸರ್ಕಾರಕ್ಕೆ ದೇಶದ ಲೆಕ್ಕ ಬೇಕು, ಆಸ್ಪತ್ರೆಗೆ ಕ್ಯೂ ಕರಗಬೇಕು, ಡಾಕ್ಟರಿಗೆ ಟೈಪಿಂಗ್ ಮುಗಿಸಿ ಹೊತ್ತಿಗೆ ಸರಿಯಾಗಿ ಮನೆ ಸೇರಬೇಕು. ಮಾವನವರಿಗೆ ತಮ್ಮ ಮಲಬದ್ಧತೆಯ ಬಗ್ಗೆ ಕಾಲು ಗಂಟೆ ಸಾವಧಾನವಾಗಿ ಮಾತಾಡಬೇಕು. ಒಬ್ಬರದೂ ಅನ್ಯಾಯದ ಆಸೆಯಲ್ಲ. ಎಲ್ಲಕ್ಕೂ ಇರುವುದು ಮಾತ್ರ ಅದೇ ಐದು ನಿಮಿಷ.

ಡಾಕ್ಟರು ರೋಗಿಯಿಂದ ದೂರ ಸರಿದದ್ದು ಕಂಪ್ಯೂಟರ್ ಬಂದಮೇಲೇ ಏನಲ್ಲ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ, ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದ ಸುರುಳಿ ಸುತ್ತಿ ಆಲಿಸಿದ. ಆಮೇಲೆ ಅದೇ ಮರದ ಕೊಳವೆಯಾಯಿತು, ಸ್ಟೆತಾಸ್ಕೋಪಾಯಿತು. ಎಲ್ಲರಿಗೂ ಅದು ಒಗ್ಗಲಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಟ್ಟಿದವರಲ್ಲೊಬ್ಬರಾದ ಲೂಯಿಸ್ ಕಾನರ್, ರೋಗಿಯ ಎದೆಯ ಮೇಲೆ ಹಾಸಲು ರೇಷ್ಮೆ ಕರವಸ್ತ್ರ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ನೇರ ಕಿವಿಯಿಟ್ಟರೇ ಸಮಾಧಾನ. ದೂರ ನಿಲ್ಲಲೆಂದು ಹುಟ್ಟಿದ ಸಾಧನ ಈ ಸ್ಟೆತಾಸ್ಕೋಪು. ಈಗ ತಣ್ಣಗೆ ಬೆನ್ನಿಗೆ ತಾಗಿದರೆ ಸಾಕು, "ಡಾಕ್ಟರು ಚೆನ್ನಾಗಿ ಮುಟ್ಟಿ ನೋಡಿದರು" ಅಂತ ಬೀಗುತ್ತೇವೆ. ನಮ್ಮ ಮೊಮ್ಮಕ್ಕಳು ಕೀಬೋರ್ಡಿನ ಟಕಟಕವನ್ನೂ ಹೀಗೇ ನೆನೆದು ಹಂಬಲಿಸುತ್ತಾರೋ ಏನೋ.

ನಮ್ಮ ಕೇರಿಯ ಆಶಾ ಕಾರ್ಯಕರ್ತೆಯದು ಇನ್ನೊಂದು ಪಾಡು. ಮಗುವಿನ ತೂಕವನ್ನು ಮೊದಲು ರಿಜಿಸ್ಟರಿಗೆ ಬರೆಯುತ್ತಾಳೆ, ಆಮೇಲೆ ಮೊಬೈಲಿಗೆ. "ಮೊಬೈಲ್ ಬಂದ್ರೆ ಕೆಲ್ಸ ಕಮ್ಮಿ ಆಗುತ್ತೆ ಅಂದ್ರು ಸಾರ್. ಮೊಬೈಲ್ ಬಂತು, ಪುಸ್ತಕ ಹೋಗ್ಲಿಲ್ಲ" ಅಂತ ನಗುತ್ತಾಳೆ. ನೆಟ್‌ವರ್ಕ್ ಸಿಗುವುದು ನಮ್ಮ ತಾರಸಿಯಲ್ಲಿ ಮಾತ್ರ. ಹೋದ ವಾರ ಬಂದವಳು ಫೋನನ್ನು ತೊಟ್ಟಿಯ ಮೇಲಿಟ್ಟು, ಸಂಡಿಗೆ ಕಾಯುತ್ತಿದ್ದ ಮಾವನವರ ಪಕ್ಕ ಕೂತು, "ಅಪ್‌ಲೋಡ್ ಆಗೋ ತನಕ ಹೇಳಿ ಅಜ್ಜ, ಹೇಗಿದೀರಿ?" ಅಂದಳು. ಅವತ್ತು ನೆಟ್‌ವರ್ಕ್ ಬಹಳ ನಿಧಾನವಿತ್ತು. ಮಾವನವರ ವರದಿ ಮಲಬದ್ಧತೆ ದಾಟಿ, ಎಮರ್ಜೆನ್ಸಿ ಕಾಲದ ಮೂಲವ್ಯಾಧಿಯವರೆಗೂ ಹೋಯಿತು.