ನೊರೆಯ ಲೆಕ್ಕ

ಶಿಡ್ಲಘಟ್ಟದ ನಮ್ಮ ಓಣಿಗೆ ಹೊಸದಾಗಿ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ಬೇಯಿಸಿದ ರೇಷ್ಮೆ ಹುಳದ ವಾಸನೆ ಅಂಥದ್ದು. ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರ ನನಗೆ ಊಟವೇ ಸೇರಿರಲಿಲ್ಲ. ಈಗ ಆ ವಾಸನೆ ಬರದ ದಿನ ಮನಸ್ಸಿಗೆ ಕಳವಳವಾಗುತ್ತದೆ. ಒಲೆ ಉರಿದಿಲ್ಲವೆಂದರೆ ಅಂದು ದುಡಿಮೆ ಇಲ್ಲವೆಂದೇ ಅರ್ಥ.

ಇಂಥ ಮನೆಯೊಳಗೆ 2018ರಲ್ಲಿ ಸಮುದ್ರ ಬಂತು. ಸಮುದ್ರವೆಂದರೆ 100 ಲೀಟರಿನ ಒಂದು ಗಾಜಿನ ತೊಟ್ಟಿ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಮನೆ ಬದಲಾಯಿಸುವಾಗ ತನ್ನ ಹಳೆಯ ತೊಟ್ಟಿಯನ್ನು ಅಳಿಯನಿಗೆ ಕೊಟ್ಟುಬಿಟ್ಟ. ಪಿ.ಯು.ಸಿ. ಓದುತ್ತಿದ್ದ ನನ್ನ ದೊಡ್ಡ ಮಗನಿಗೆ ಅದರಲ್ಲಿ ಉಪ್ಪು ನೀರಿನ ಮೀನನ್ನೇ ಸಾಕಬೇಕೆಂಬ ಹಠ. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಚಿತ್ರವನ್ನು ಚಿಕ್ಕಂದಿನಲ್ಲಿ ಟಿ.ವಿ.ಯಲ್ಲಿ ಎಷ್ಟು ಸಲ ನೋಡಿದ್ದನೋ! ಆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಕ್ಲೌನ್ ಮೀನು ಅವನ ಕಣ್ಣಿನಿಂದ ಹೋಗಿರಲೇ ಇಲ್ಲ.

ನನಗೆ ಭಯವಾದದ್ದು ಮೀನಿಗಲ್ಲ, ಖರ್ಚಿಗೆ. ಸಮುದ್ರ ನಮ್ಮಿಂದ ನೂರಾರು ಕಿಲೋಮೀಟರ್ ದೂರ. ನಮ್ಮ ಕೊಳವೆ ಬಾವಿಗಳೋ ಸಾವಿರ ಅಡಿ ದಾಟಿವೆ. ಅದರ ನೀರು ಗಡಸು, ಜೊತೆಗೆ ಫ್ಲೋರೈಡ್. ಆದ್ದರಿಂದ ಕುಡಿಯುವ ನೀರಿನ ಘಟಕದಿಂದ ಐದು ಕ್ಯಾನ್ ತಂದು, ಲೀಟರಿಗೆ ಸುಮಾರು 35 ಗ್ರಾಂನಂತೆ ಅದಕ್ಕೆಂದೇ ಮಾರುವ ಉಪ್ಪನ್ನು ಬೆರೆಸಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಇರುತ್ತವೆಯಂತೆ. ಈದ್‌ನಲ್ಲಿ ಸಿಕ್ಕ ದುಡ್ಡನ್ನೆಲ್ಲ ಮಗ ಆ ಉಪ್ಪಿಗೆ ಸುರಿದ.

ಅದೇ ವರ್ಷ ಅವನು ತಂದೆಯ ಮುಂದೆ ಇನ್ನೊಂದು ಮಾತನ್ನೂ ಆಡಿದ್ದ. "ಅಬ್ಬಾ, ನಾನು ಬೇಸಿನ್ ಮುಂದೆ ಕೂರುವುದಿಲ್ಲ." ನಮ್ಮವರು ಏನೂ ಹೇಳಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತು ಕಡಿಮೆಯಾಯಿತು. ಊಟಕ್ಕೆ ಕರೆಯುವುದಕ್ಕೂ ನಾನೇ ನಡುವೆ ನಿಲ್ಲಬೇಕಾಯಿತು. ಆಟೊಮ್ಯಾಟಿಕ್ ಯಂತ್ರಗಳ ನೂಲಿನೆದುರು ಸಣ್ಣ ರೀಲರ್‌ಗಳು ಉಸಿರು ಹಿಡಿದುಕೊಂಡಿದ್ದ ಕಾಲ. ಮಗನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕೇಳಿದವರ ಎದೆಗೆ ಅದು ಚುಚ್ಚಿತ್ತು.

ಅವಸರ ಮಾಡಿ ಹಾಕಿದ ಮೊದಲ ಎರಡು ಮೀನುಗಳು ಹತ್ತೇ ದಿನದಲ್ಲಿ ಸತ್ತವು. ಅತ್ತೆ ಬಹಳ ನೊಂದುಕೊಂಡರು. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ಹದೀಸನ್ನು ನೆನಪಿಸಿ, "ಜೀವವನ್ನು ಬಂಧಿಸಿದ ಮೇಲೆ ಅದರ ಹೊಣೆ ನಿನ್ನದೇ ಬೇಟಾ. ಆಗದಿದ್ದರೆ ತೊಟ್ಟಿ ಮಾರಿಬಿಡು" ಎಂದರು. ನಮ್ಮವರು ಅಷ್ಟನ್ನೂ ಹೇಳಲಿಲ್ಲ. ಅವರ ಮೌನವೇ ಹೆಚ್ಚು ಭಾರವಾಗಿತ್ತು.

ಮಗ ಓದಿ ತಿಳಿದುಕೊಂಡು ನನಗೆ ವಿವರಿಸಿದ. ಮೀನಿನ ಎಂಜಲು, ಮಲ, ಉಳಿದ ಆಹಾರದಲ್ಲಿರುವ ಪ್ರೋಟೀನು ನೀರಿನಲ್ಲಿ ಕೊಳೆತರೆ ಅಮೋನಿಯ ಆಗುತ್ತದೆ. ಅದು ಮೀನಿಗೆ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯ ಕಲ್ಲು, ಮರಳಿನಲ್ಲಿ ಬೆಳೆಯಲು ಹಲವು ವಾರ ಬೇಕು. ಅಲ್ಲಿಯವರೆಗೆ ಕಾಯದಿದ್ದುದು ಅವನ ಮೊದಲ ತಪ್ಪು. ಎರಡನೆಯದು ಪ್ರೋಟೀನ್ ಸ್ಕಿಮ್ಮರ್. ಕೊಳೆಯುವ ಮೊದಲೇ ಆ ಕೊಳೆಯನ್ನು ನೊರೆಯ ರೂಪದಲ್ಲಿ ಹೊರತೆಗೆಯುವ ಉಪಕರಣವಿದು. ಮಾಮು ಕೊಟ್ಟಿದ್ದ ಹಳೆಯ ಸ್ಕಿಮ್ಮರ್ ದೊಡ್ಡ ದೊಡ್ಡ ಗುಳ್ಳೆ ಬಿಡುತ್ತಿತ್ತೇ ಹೊರತು ಅದರ ಬಟ್ಟಲಿನಲ್ಲಿ ಏನೂ ಸೇರುತ್ತಿರಲಿಲ್ಲ. ಒಳ್ಳೆಯದೊಂದು ಬೇಕೆಂದರೆ 8,000 ರೂಪಾಯಿ. ಆ ಹಣದಲ್ಲಿ ನಮ್ಮ ಮನೆಯ ಒಂದು ತಿಂಗಳ ರೇಷನ್ ಮುಗಿಯುತ್ತದೆ. ನಾನು ಕೊಡುವುದಿಲ್ಲವೆಂದೆ.

"ಹಾಗಾದರೆ ಇದನ್ನೇ ಸರಿ ಮಾಡುತ್ತೇನೆ ಅಮ್ಮಿ" ಎಂದು ಜಗಲಿಯ ಮೇಲೆ ಎಲ್ಲವನ್ನೂ ಬಿಚ್ಚಿ ಹರಡಿಕೊಂಡ. ಗುಳ್ಳೆ ಸಣ್ಣದಾದಷ್ಟೂ ಕೊಳೆ ಹೆಚ್ಚು ಅಂಟುತ್ತದೆ ಎಂಬುದು ಅವನ ಲೆಕ್ಕ. ನನಗೆ ಅರ್ಥವಾದದ್ದು ರಾಗಿ ಮುದ್ದೆಯಿಂದ. ಇಡೀ ಮುದ್ದೆಗಿಂತ ಅದನ್ನೇ ಚಿಕ್ಕ ಚಿಕ್ಕ ತುತ್ತು ಮಾಡಿದರೆ ಹೆಚ್ಚು ಸಾರು ಹತ್ತುತ್ತದಲ್ಲವೇ? ಗುಳ್ಳೆಯ ಅಗಲ ಅರ್ಧಕ್ಕಿಳಿದರೆ ಅಷ್ಟೇ ಗಾಳಿಗೆ ಎರಡು ಪಟ್ಟು ಮೈ ಸಿಗುತ್ತದೆ. ಪಂಪು ನೀರು ಎಳೆದುಕೊಳ್ಳುವ ಬಾಯಿಗೆ ಸಣ್ಣ ತೂತು ಕೊರೆದು ಗಾಳಿಯ ಕೊಳವೆ ಸಿಕ್ಕಿಸಿದ. ಪಂಪು ಈಗ ಗಾಳಿಯನ್ನೂ ತಾನೇ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನು ಪುಡಿ ಮಾಡಲು ಒಳಗೆ ತಿರುಗುವ ಚಕ್ರಕ್ಕೆ ಜಾಲರಿ ಕಟ್ಟಬೇಕು. ಮೊದಲು ಊಜಿ ನೊಣ ತಡೆಯಲು ಹುಳುವಿನ ಮನೆಗೆ ಕಟ್ಟುವ ನೈಲಾನ್ ಬಲೆಯ ತುಂಡು ಕಟ್ಟಿದ. ಅದು ಮೆತ್ತಗಾಗಿ ಮಡಚಿಕೊಂಡಿತು. ಆಮೇಲೆ ಪಾತ್ರೆ ತಿಕ್ಕುವ ಹೊಸ ಪ್ಲಾಸ್ಟಿಕ್ ನಾರನ್ನು ನನ್ನಿಂದಲೇ ಕೇಳಿ ಪಡೆದ. ಸ್ಟೀಲಿನದು ಬೇಡ, ಉಪ್ಪು ನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಸೋಪು ತಾಗಿದ್ದೂ ಬೇಡ, ನೊರೆ ಉಕ್ಕಿ ಹರಿಯುತ್ತದೆ.

ನಾರು ಕಟ್ಟಿ ಸ್ವಿಚ್ ಹಾಕಿದರೆ ಪಂಪು ಗಡಗಡ ನಡುಗಿತು. ಒಂದು ಕಡೆ ಭಾರ ಹೆಚ್ಚಾಗಿತ್ತು. ಬಿಚ್ಚಿ ಕಟ್ಟಿದ, ಮತ್ತೆ ನಡುಗಿತು. ನಾಲ್ಕನೇ ಸಲ ಅವನ ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ನಮ್ಮವರು ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದರು. ಬಿಸಿ ನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳು ಬೆಳ್ಳಗಾಗಿದ್ದವು. "ಇಲ್ಲಿ ಕೊಡು" ಎಂದರು. ಬಹಳ ದಿನಗಳ ನಂತರ ಅವರು ಮಗನೊಂದಿಗೆ ನೇರವಾಗಿ ಆಡಿದ ಮಾತದು. ಕಣ್ಣಿಗೆ ಕಾಣದಂಥ ರೇಷ್ಮೆ ಎಳೆ ಹರಿದರೆ ಓಡುತ್ತಿರುವಾಗಲೇ ಸೇರಿಸುವ ಬೆರಳುಗಳವು. ನಾರನ್ನು ದುಂಡಗೆ ಕತ್ತರಿಸಿ, ನೈಲಾನ್ ದಾರದಿಂದ ಎದುರು ಬದುರಾಗಿ ಒಂದೇ ಬಿಗಿಯಲ್ಲಿ ಕಟ್ಟಿ, ಚಕ್ರವನ್ನು ಬೆರಳ ಮೇಲೆ ತಿರುಗಿಸಿ ನೋಡಿ, ಉಳಿದದ್ದನ್ನು ಎಳೆ ಎಳೆಯಾಗಿ ಟ್ರಿಮ್ ಮಾಡಿದರು. ಸ್ವಿಚ್ ಹಾಕಿದಾಗ ಸದ್ದೇ ಇಲ್ಲ! ಕೊಳವೆಯೊಳಗಿನ ನೀರು ಹಾಲಿನಂತೆ ಬೆಳ್ಳಗಾಯಿತು.

"ಇದರಲ್ಲಿ ಏನಿದೆ? ನಮ್ಮ ಬೇಸಿನ್‌ನಲ್ಲೂ ದಿನಾ ನೊರೆ ಬರುತ್ತದೆ" ಎಂದರು ನಮ್ಮವರು. ಮಗ ಅವರ ಮುಖವನ್ನೇ ನೋಡಿದ. "ಅಬ್ಬಾ, ಅದೂ ಪ್ರೋಟೀನೇ! ಗೂಡಿನ ಅಂಟು, ಸೆರಿಸಿನ್. ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ ಇರುತ್ತದಂತೆ. ಬಿಸಿ ನೀರಿಗೆ ಕರಗಿ ನೊರೆಯಾಗುತ್ತದೆ." ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂವತ್ತು ವರ್ಷದಿಂದ ಚೆಲ್ಲುತ್ತಿದ್ದೇನೆ, ಹೆಸರು ಇವತ್ತು ಗೊತ್ತಾಯಿತು" ಎಂದು ನಕ್ಕರು.

ಮೊದಲ ಮೂರು ದಿನ ಸ್ಕಿಮ್ಮರ್ ಹುಚ್ಚೆದ್ದಂತೆ ಬರೀ ನೀರನ್ನೇ ಉಕ್ಕಿಸಿತು. ನಂತರ ತಾನಾಗಿಯೇ ಸಮಾಧಾನಕ್ಕೆ ಬಂತು. ಹೊರಹೋಗುವ ನೀರಿನ ವಾಲ್ವನ್ನು ತುಸು ತುಸುವೇ ತಿರುಗಿಸಿ ಒಳಗಿನ ಮಟ್ಟ ಹೊಂದಿಸಿದರು. ವಾರದ ಕೊನೆಗೆ ಬಟ್ಟಲಿನಲ್ಲಿ ಡಿಕಾಕ್ಷನ್ನಿನಂಥ ಕಪ್ಪು ನೀರು. ಮೂಸಿ ನೋಡಿದೆ. ಹೆಚ್ಚುಕಡಿಮೆ ನಮ್ಮ ಓಣಿಯದೇ ವಾಸನೆ! ಖರ್ಚು ಒಟ್ಟು 210 ರೂಪಾಯಿ.

ಮೀನು ತಂದದ್ದು ಅದಾದ ಎರಡು ತಿಂಗಳಿಗೆ. ಸಮುದ್ರದಿಂದ ಹಿಡಿದದ್ದು ಬೇಡ, ತೊಟ್ಟಿಯಲ್ಲೇ ಹುಟ್ಟಿದ ಮರಿ ಬೇಕೆಂದು ಕೇಳಿ ತಂದ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ. ಅಲಂಕಾರಕ್ಕೆ ಹವಳ ಇಡೋಣವೆಂದು ನಾನೇ ಹೇಳಿದ್ದೆ. 2001ರಿಂದ ನಮ್ಮ ಕಡಲಿನ ಹವಳ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯಷ್ಟೇ ರಕ್ಷಣೆ ಪಡೆದಿದೆ, ಮುಟ್ಟುವಂತಿಲ್ಲವೆಂದು ತಿಳಿಸಿದ.

ಮಕ್ಕಳಿಗೆ ಇಂಥ ಆಸೆ ಇರುವ ತಾಯಂದಿರಿಗೆ ಒಂದೆರಡು ಮಾತು. ಸ್ಕಿಮ್ಮರ್ ಇದೆಯೆಂದು ನೀರು ಬದಲಾಯಿಸುವುದನ್ನು ಬಿಡಬಾರದು. ಆಗಲೇ ಆದ ಅಮೋನಿಯವನ್ನು ಅದು ತೆಗೆಯಲಾರದು. ಸಿಹಿ ನೀರಿನ ತೊಟ್ಟಿಗೆ ಅದು ಅಷ್ಟಾಗಿ ಉಪಯೋಗವಿಲ್ಲ, ಅಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡವಾಗಿಬಿಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ಲಗ್ ಕೀಳದೆ ನೀರಿಗೆ ಕೈ ಹಾಕಲು ಬಿಡಬೇಡಿ. ವೈರನ್ನು ಪ್ಲಗ್‌ಗಿಂತ ಕೆಳಗೆ ಜೋತು ಬೀಳುವಂತೆ ಬಿಟ್ಟರೆ ಅದರ ಮೇಲೆ ಹರಿದ ನೀರು ಪ್ಲಗ್‌ಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಮಗ ಕೊನೆಗೂ ಬೇಸಿನ್ ಮುಂದೆ ಕೂರಲಿಲ್ಲ. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ನಮ್ಮವರು ಅದನ್ನು ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡರು ಎಂದರೆ ನೋವಿಲ್ಲವೆಂದಲ್ಲ. ತೊಟ್ಟಿ ಮಾತ್ರ ಇಲ್ಲಿಯೇ ಉಳಿದಿದೆ. ಫಜ್ರ್ ನಮಾಝ್ ಮುಗಿಸಿ ಬಂದ ಕೂಡಲೇ ನಮ್ಮವರು ಸ್ಕಿಮ್ಮರಿನ ಬಟ್ಟಲನ್ನು ತೊಳೆದಿಟ್ಟು, ನಂತರ ಒಲೆ ಹೊತ್ತಿಸುತ್ತಾರೆ. ರಾತ್ರಿ ಮಗನ ಫೋನು ಬಂದರೆ ಅವನು ನನ್ನನ್ನು ಕೇಳುವುದು ಊಟದ ವಿಷಯ. ತಂದೆಯನ್ನು ಕೇಳುವ ಮೊದಲ ಪ್ರಶ್ನೆ ಇದು: "ಅಬ್ಬಾ, ಇವತ್ತು ನೊರೆ ಹೇಗಿತ್ತು?"

ಅವರು ಬೇಸಿನ್‌ನ ನೊರೆಯಿಂದಲೇ ಉತ್ತರ ಶುರು ಮಾಡುತ್ತಾರೆ.