ವಾಂತಿ ಏಕೆ ಬರುತ್ತದೆ, ಸಾರ್?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ತಾಯ್ತಂದೆಯರಾಗಿದ್ದಾರೆ. ಮಕ್ಕಳ ಯಾವ ಪ್ರಶ್ನೆಗೂ ‘ಛೀ’ ಎಂಬುದು ಉತ್ತರವಾಗಬಾರದೆಂದು ಅವರಿಗೆ ನಾನು ಹೇಳುವುದುಂಟು. ಆ ಉತ್ತರವನ್ನೇ ಹೆಚ್ಚಾಗಿ ಪಡೆಯುವ ಪ್ರಶ್ನೆ, ವಾಂತಿ ಏಕೆ ಬರುತ್ತದೆ ಎಂಬುದು.

ತರಗತಿಯಲ್ಲಿ ಇದನ್ನು ನಾನು ಕಾವಲುಗಾರನ ಕಥೆಯಾಗಿ ಹೇಳುತ್ತಿದ್ದೆ. ಮೆದುಳಿನ ಕೆಳತುದಿಯಲ್ಲಿ ಮೆಡುಲ್ಲಾ ಎಂಬ ಭಾಗವಿದೆ. ಅದೇ ಕಾವಲುಠಾಣೆ. ಹಳಸಿದ ಆಹಾರ ಹೊಟ್ಟೆ ಸೇರಿದರೆ ಜಠರದಿಂದ, ಕರುಳಿನಿಂದ ನರಗಳ ಮೂಲಕ ಅಲ್ಲಿಗೆ ದೂರು ಹೋಗುತ್ತದೆ. ರಕ್ತದಲ್ಲಿ ವಿಷವಿದೆಯೇ ಎಂದು ಪರೀಕ್ಷಿಸುವ ವ್ಯವಸ್ಥೆಯೂ ಅಲ್ಲಿದೆ. ಅಪಾಯವೆನಿಸಿದೊಡನೆ ಅಪ್ಪಣೆ ಹೊರಡುತ್ತದೆ. ಮೊದಲು ಬಾಯಲ್ಲಿ ನೀರೂರುತ್ತದೆ. ಮೇಲೇರಿ ಬರುವ ಆಮ್ಲದಿಂದ ಹಲ್ಲುಗಳನ್ನು ಕಾಪಾಡಲು ಅದು ನೆರವಾಗುತ್ತದೆ. ಆಮೇಲೆ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳುತ್ತದೆ. ವಪೆಯೂ ಹೊಟ್ಟೆಯ ಸ್ನಾಯುಗಳೂ ಒಟ್ಟಾಗಿ ಬಿಗಿದು ಜಠರವನ್ನು ಹಿಂಡುತ್ತವೆ. ಜಠರ ಬರಿದಾದ ಮೇಲೂ ವಾಂತಿ ನಿಲ್ಲದಿದ್ದರೆ ಕರುಳಿನಲ್ಲಿರುವ ಪಿತ್ತರಸ ಹಳದಿಯಾಗಿ ಬರುತ್ತದೆ. ಇಲಿಗೂ ಕುದುರೆಗೂ ವಾಂತಿ ಮಾಡಲು ಬರುವುದಿಲ್ಲವೆಂದರೆ ಮಕ್ಕಳು ಕಣ್ಣರಳಿಸುತ್ತಿದ್ದರು.

ಈ ಪಾಠದ ಅಗತ್ಯ ನನಗೆ ಮನದಟ್ಟಾದದ್ದು ಒಬ್ಬ ಹುಡುಗಿಯಿಂದ. ಶಾಲಾ ಪ್ರವಾಸಕ್ಕೆ ಅವಳು ಹೆಸರು ಕೊಟ್ಟಿರಲಿಲ್ಲ. ಕಾರಣ ಕೇಳಿದರೆ, ‘ನನ್ನ ಹೊಟ್ಟೆ ಸರಿಯಿಲ್ಲ ಸಾರ್’ ಎಂದಳು. ಹಿಂದಿನ ವರ್ಷ ಆಗುಂಬೆ ಘಾಟಿಯ ತಿರುವುಗಳಲ್ಲಿ ಅವಳು ಕಾರಿಕೊಂಡಿದ್ದಳು. ಜೊತೆಯವರು ಮೂಗು ಮುಚ್ಚಿಕೊಂಡು ನಕ್ಕಿದ್ದರು. ಅವಳ ಹೊಟ್ಟೆ ಸರಿಯಾಗಿಯೇ ಇತ್ತು. ಜಗಳವಿದ್ದದ್ದು ಕಣ್ಣಿಗೂ ಕಿವಿಗೂ.

ಮರುದಿನ ಇಡೀ ತರಗತಿಗೆ ಅದನ್ನು ವಿವರಿಸಿದೆ. ಒಳಗಿವಿಯಲ್ಲಿ ದ್ರವ ತುಂಬಿದ ನಳಿಕೆಗಳಿವೆ. ಬಸ್ಸು ತಿರುಗಿದಾಗ ಅವು ‘ನಾವು ತಿರುಗುತ್ತಿದ್ದೇವೆ’ ಎನ್ನುತ್ತವೆ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಇಲ್ಲ, ಸುಮ್ಮನೆ ಕುಳಿತಿದ್ದೇವೆ’ ಎನ್ನುತ್ತದೆ. ಈ ಗೊಂದಲವನ್ನು ಮೆದುಳು ವಿಷದ ಪರಿಣಾಮವೆಂದು ಭ್ರಮಿಸುತ್ತದೆ ಎಂಬ ಊಹೆಯನ್ನು ಮಿಷೆಲ್ ಟ್ರೀಸ್ಮನ್ ಎಂಬ ವಿಜ್ಞಾನಿ 1977ರಲ್ಲಿ ಮಂಡಿಸಿದರು. ಹಾಗಾದರೆ ಅದು ಕಾವಲುಗಾರನ ಸೋಮಾರಿತನವಲ್ಲ, ಅತಿ ಎಚ್ಚರ!

ಹುಡುಗಿ ಪ್ರವಾಸಕ್ಕೆ ಬಂದಳು. ಮುಂದಿನ ಸೀಟಿನಲ್ಲಿ ಕುಳಿತು ದೂರದ ಬೆಟ್ಟವನ್ನು ನೋಡುತ್ತಿದ್ದಳು. ಆದರೂ ಒಮ್ಮೆ ವಾಂತಿಯಾಯಿತು. ಈ ಸಲ ಯಾರೂ ನಗಲಿಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹುಡುಗನೇ ನೀರಿನ ಬಾಟಲಿ ಹಿಡಿದು ನಿಂತಿದ್ದ.

ಈಗ ಹಿರಿಯರಿಗೆ ಎರಡು ಮಾತು. ಮಗು ಸೀಮೆಎಣ್ಣೆ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದನ್ನು ಹಳ್ಳಿಗಳಲ್ಲಿ ಕಂಡಿದ್ದೇನೆ. ಹಾಗೆ ಮಾಡಲೇಬಾರದು, ಮೇಲೆ ಬರುವ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಕುತ್ತಾದೀತು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ, ವಾಂತಿಯಲ್ಲಿ ರಕ್ತವೋ ಹಸಿರು ಬಣ್ಣವೋ ಕಂಡರೆ, ಮಗು ಮಂಕಾಗಿ ಮೂತ್ರ ಕಡಿಮೆಯಾದರೆ ಆಗಲೂ ಹಾಗೆಯೇ.

ಎರಡನೆಯದು, ವಾಂತಿಯಾಗುತ್ತದೆಂದು ನೀರನ್ನೇ ನಿಲ್ಲಿಸಬಾರದು. ಕೆಲವು ನಿಮಿಷ ಬಿಟ್ಟು ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕುಡಿಸಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬೀಸ್ ಅವರು ಇಂಥ ದ್ರಾವಣದಿಂದಲೇ ಅಸಂಖ್ಯ ಜೀವಗಳನ್ನು ಉಳಿಸಿದರು.

ಇಷ್ಟನ್ನೂ ಮಕ್ಕಳಿಗೆ ಒಂದೇ ದಿನ ಹೇಳಬೇಕಾಗಿಲ್ಲ. ವಾಂತಿ ಮಾಡಿಕೊಂಡ ಮಗುವಿನ ಬಾಯಿ ತೊಳೆಸಿ, ಬೆನ್ನು ಸವರಿ, ‘ಇದು ನಿನ್ನ ತಪ್ಪಲ್ಲ ಮಗು, ದೇಹ ತನ್ನ ಕೆಲಸ ಮಾಡಿದೆ’ ಎಂದರೆ ಆ ಹೊತ್ತಿಗೆ ಸಾಕು.