ಬನ್ನೂರು ಕುರಿ, ನಂದಿಯ ಕೆಂಪು

ಭಾನುವಾರ ಬೆಳಿಗ್ಗೆ ಮೈಸೂರಿನ ಸರಸ್ವತಿಪುರಂನವರು ಹೊರಡುವುದು ಎರಡೇ ಕಡೆಗೆ: ಕುಕ್ಕರಹಳ್ಳಿ ಕೆರೆ ಏರಿಗೆ, ಇಲ್ಲವೇ ಮಟನ್ ಅಂಗಡಿಗೆ. ನಾನು ಏರಿಯ ಮೇಲೆ ಒಂದು ಸುತ್ತು ಹಾಕಿಯೇ ಅಂಗಡಿ ಮುಂದೆ ಸಾಲಿನಲ್ಲಿ ನಿಲ್ಲುತ್ತೇನೆ. ಕೇಳುವುದು ಬನ್ನೂರು ಕುರಿಯ ಪಕ್ಕೆಲುಬಿನ ಚಾಪ್ಸ್, ಒಂದೊಂದೂ ಅಂಗುಲ ದಪ್ಪ.

"ಇಷ್ಟು ದಪ್ಪ ಇದ್ರೆ ಸಾರಲ್ಲಿ ಬೇಯಲ್ಲ ಸಾರ್."

"ಸಾರಿಗಲ್ಲಪ್ಪ, ಕಾವಲಿ ಮೇಲೆ ಸುಡೋದಕ್ಕೆ."

ಕೆಂಪು ವೈನಿಗೆ ಜೊತೆ ಯಾವುದು ಎಂದರೆ ಪುಸ್ತಕಗಳೆಲ್ಲ ಸ್ಟೇಕ್ ಎನ್ನುತ್ತವೆ, ಅಂದರೆ ದನದ ಮಾಂಸದ ದಪ್ಪ ತುಂಡು. ನಮ್ಮ ರಾಜ್ಯದ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳ ವಧೆಗಷ್ಟೇ ಅವಕಾಶ ಉಳಿಸಿತು. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸವನ್ನು ಮನೆಯ ಒಲೆಯಲ್ಲಿ ಮೆತ್ತಗೆ ಸುಡುವುದು ಹೊಸಬರಿಗೆ ಕಷ್ಟ. ಹಾಗೆಂದು ಸ್ಟೇಕಿನ ಸುಖ ಬಿಡಬೇಕಾಗಿಲ್ಲ. ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಗೆ ಹೆಸರಾದ ಫ್ರಾನ್ಸಿನ ಬೋರ್ಡೋ ಸೀಮೆಯ ಪೊಯಾಕ್ ಊರಿನಲ್ಲೇ ಆ ವೈನಿನ ಹಳೆಯ ಜೋಡಿ ಕುರಿಮರಿ ಮಾಂಸ. ಕುರಿಯ ವಿಷಯದಲ್ಲಿ ಮೈಸೂರಿನವರಷ್ಟು ಅದೃಷ್ಟವಂತರು ಯಾರಿದ್ದಾರೆ! ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತು, ಜನರ ಬಾಯಲ್ಲಿ ಬನ್ನೂರು ಕುರಿಯಾದ ಈ ತಳಿಗೆ ಗಿಡ್ಡ ಕಾಲು, ತುಂಬಿದ ಮೈ. ಇದರ ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹರಡಿಕೊಂಡಿರುತ್ತದೆ. ಆ ಕೊಬ್ಬೇ ನಮಗೆ ಬೇಕಾದದ್ದು.

ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಇಳಿದ ಟ್ಯಾನಿನ್ ಇರುತ್ತದೆ. ಎಳೆ ಅಡಿಕೆ ಅಗಿದಾಗ ಬಾಯಿ ಹಿಡಿದಂತಾಗುವುದೂ ಟ್ಯಾನಿನ್‌ನಿಂದಲೇ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ನಾಲಿಗೆ ಒಗರಾಗಿ ಒಣಗುತ್ತದೆ. ಬಾಯಲ್ಲಿ ಮಾಂಸವಿದ್ದರೆ ಟ್ಯಾನಿನ್ ಅದರ ಪ್ರೋಟೀನು, ಕೊಬ್ಬಿನ ಮೇಲೆ ಹೋಗುತ್ತದೆ. ಆಗ ಒಗರು ಇಳಿದು ಹಣ್ಣಿನ ರುಚಿ ಮೇಲೆ ಬರುತ್ತದೆ, ಮಾಂಸದ ಜಿಡ್ಡೂ ತೊಳೆದುಹೋಗುತ್ತದೆ.

ಇನ್ನು ಬಾಟಲಿ. ನಮ್ಮಲ್ಲಿ 'ವೈನ್ಸ್' ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳಲ್ಲಿ ಬ್ರಾಂದಿ, ರಮ್ಮಿನದೇ ರಾಜ್ಯ. ವೈನಿಗೆ ಒಂದು ಮೂಲೆ. ಅಗ್ಗದ ಕೆಂಪು ವೈನ್ ಕೇಳಿದರೆ ಮೊದಲು ಕೈಗೆ ಬರುವುದು ಪೋರ್ಟ್. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಹೆಚ್ಚಾಗಿ ತಯಾರಾಗುವ ಆ ಸಿಹಿ ವೈನನ್ನು ಹಬ್ಬದ ಕೇಕಿನ ಜೊತೆ ಸಂತೋಷವಾಗಿ ಕುಡಿಯಬಹುದು. ಮಾಂಸದ ಪಕ್ಕದಲ್ಲಿ ಮಾತ್ರ ಆ ಸಿಹಿ ಸೇರುವುದಿಲ್ಲ. ವಿದೇಶಿ ಬಾಟಲಿಯ ಮೇಲೆ ಬಹುಕಾಲ ಶೇ. 150ರಷ್ಟು ಆಮದು ಸುಂಕವಿತ್ತು. ಅಲ್ಲಿ ಸಾಧಾರಣ ಎನಿಸಿಕೊಂಡದ್ದಕ್ಕೂ ಇಲ್ಲಿ ದೊಡ್ಡ ಬೆಲೆ ತೆರಬೇಕು. ಹೊಸಬರು ಆ ಕಡೆ ನೋಡದಿರುವುದೇ ಲೇಸು.

ನನ್ನ ಆಯ್ಕೆ ನಂದಿಬೆಟ್ಟದ ತಪ್ಪಲಿನದು. ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ದ್ರಾಕ್ಷಿ ಬಳ್ಳಿಗಳನ್ನು ನೆಟ್ಟದ್ದು 1988ರಲ್ಲಿ, ಮೊದಲ ವೈನ್ ಬಂದದ್ದು 1992ರಲ್ಲಿ. ಮುಂದೆ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾನ್ ಇವರಿಗೆ ಸಲಹೆಗಾರರಾದರು. ಚಳಿಗಾಲದಲ್ಲಿ ಬಳ್ಳಿ ನಿದ್ದೆ ಹೋಗದ ನಮ್ಮ ಹವೆಯಲ್ಲಿ ವರ್ಷಕ್ಕೆ ಎರಡು ಸಲ ಸವರಿ ಅದನ್ನು ಹದಕ್ಕೆ ತರಬೇಕು. ಅಷ್ಟು ದುಡಿಮೆಯ ಫಲವಾದ ಕ್ಯಾಬರ್ನೆ–ಶಿರಾಜ್ ಮಿಶ್ರಣ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ ಎನ್ನುವುದು ನನಗೆ ಅಭಿಮಾನದ ಸಂಗತಿ. ಮಿಶ್ರಣವೇ ಏಕೆಂದರೆ ಕ್ಯಾಬರ್ನೆ ಕೊಡುವುದು ಒಗರು, ಶಿರಾಜ್ ಕೊಡುವುದು ಹಣ್ಣಿನ ತುಂಬುತನ ಮತ್ತು ಮೆಣಸಿನ ಘಮ. ಕರಿಮೆಣಸಿಗೆ ಆ ಘಮ ತರುವ ರೋಟಂಡೋನ್ ಎಂಬ ಅಂಶ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತದೆ. ಕೊಡಗಿನ ಮೆಣಸು ಉಜ್ಜಿದ ಚಾಪ್ಸಿಗೆ ಇದಕ್ಕಿಂತ ಹತ್ತಿರದ ನೆಂಟರು ಸಿಕ್ಕಾರೆಯೇ?

ಬಾಟಲಿಯ ಮೇಲಿನ ವರ್ಷ ನೋಡಿ ಕೊಳ್ಳಿ. ಈ ಬೆಲೆಯ ವೈನ್ ಎರಡು–ಮೂರು ವರ್ಷದೊಳಗೆ ಕುಡಿಯಲಿಕ್ಕೇ ಮಾಡಿದ್ದು, ಇಟ್ಟಷ್ಟೂ ಸೊಗಸಾಗುತ್ತದೆ ಎಂಬ ಮಾತು ಇದಕ್ಕೆ ಅನ್ವಯಿಸದು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಂತದ್ದು ಬೇಡ. ತಿರುಗಿಸುವ ಮುಚ್ಚಳ ಕಂಡು ಕೀಳೆಂದುಕೊಳ್ಳಬೇಡಿ, ಒಳ್ಳೆಯ ವೈನಿಗೂ ಅದೇ ಇರುತ್ತದೆ.

ಕೆಂಪು ವೈನನ್ನು ಕೋಣೆಯ ಬಿಸುಪಿನಲ್ಲಿ ಕುಡಿಯಬೇಕು ಎನ್ನುವ ಮಾತು ಹುಟ್ಟಿದ್ದು ಯೂರೋಪಿನ ತಣ್ಣನೆ ಕೋಣೆಗಳಲ್ಲಿ. ಅದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳಿನಲ್ಲಿ ನಮ್ಮ ನಡುಮನೆ 30 ದಾಟಿರುತ್ತದೆ, ಆ ಕಾವಿಗೆ ಮದ್ಯದ ಉರಿಯೊಂದೇ ಎದ್ದು ಮೂಗಿಗೆ ಬಡಿಯುತ್ತದೆ. ಒಂದರಿಂದ ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

ಅಷ್ಟರಲ್ಲಿ ಚಾಪ್ಸಿನ ಕೆಲಸ. ಉಪ್ಪು ಸವರಿ ಇಟ್ಟ ತುಂಡುಗಳ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು; ಒದ್ದೆ ಮಾಂಸ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಬೀಡಿನ ಕಾವಲಿ ಹೊಗೆಯಾಡುವಷ್ಟು ಕಾಯಲಿ. ಮೊದಲು ಕೊಬ್ಬಿನ ಅಂಚನ್ನು ಕಾವಲಿಗೆ ಒತ್ತಿ ನಿಲ್ಲಿಸಿದರೆ ಅದು ಚುರ್ರೆಂದು ಕರಗಿ ತನಗೆ ಬೇಕಾದ ಜಿಡ್ಡನ್ನು ತಾನೇ ಒದಗಿಸುತ್ತದೆ. ಆಮೇಲೆ ಮಗ್ಗುಲಿಗೆ ಮೂರು–ನಾಲ್ಕು ನಿಮಿಷ. ಇಳಿಸುವಾಗ ಒಂದು ಚಮಚ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಮೆಣಸು. ತಟ್ಟೆಯಲ್ಲಿ ಐದು ನಿಮಿಷ ಸುಮ್ಮನೆ ಬಿಟ್ಟರೆ ರಸ ಒಳಗೇ ನಿಲ್ಲುತ್ತದೆ.

ಹಸಿಮೆಣಸಿನಕಾಯಿ, ಖಾರದಪುಡಿ ಅಂದು ಬೇಡ. ಖಾರ ಹತ್ತಿದ ನಾಲಿಗೆಗೆ ವೈನಿನ ಒಗರೂ ಮದ್ಯದ ಉರಿಯೂ ಹೆಚ್ಚಾಗಿಯೇ ತೋರುತ್ತವೆ. ಮನೆಯ ಮಟನ್ ಸಾರು ನನಗೆ ಪ್ರಾಣ. ಅದಕ್ಕೆ ಮುದ್ದೆಯೇ ಸರಿ, ಈ ವೈನ್ ಅಲ್ಲ.

750 ಮಿಲಿಯ ಬಾಟಲಿ ನಾಲ್ಕು ಜನಕ್ಕೆ ಧಾರಾಳ. ಉಳಿದರೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ, ಎರಡು ದಿನ ಕೆಡುವುದಿಲ್ಲ. ಕುಡಿಯುವ ಅಭ್ಯಾಸವಿರುವವರಲ್ಲಿ ನನ್ನದೊಂದು ವಿನಂತಿ: ಗ್ಲಾಸಿಗೆ ಹಾಕಿಕೊಂಡು ಚಾಪ್ಸ್ ಮುಟ್ಟುವ ಮುಂಚೆ ಒಂದು ಗುಟುಕು, ಅಗಿದು ನುಂಗಿದ ಮೇಲೆ ಇನ್ನೊಂದು ಗುಟುಕು ಕುಡಿದು ನೋಡಿ.